ಸಾಯುವ ಸಂಭವ: ಶೇ 90

ನನ್ನ ಹೃದಯ ಸರಿಯಾಗಿದೆ ಎನ್ನುವುದಕ್ಕೆ ನನ್ನ ಹತ್ತಿರ ಇರುವಷ್ಟು ಲಿಖಿತ ಪುರಾವೆ ಇಡೀ ಬಸವನಗುಡಿಯಲ್ಲಿ ಇನ್ನೊಬ್ಬರ ಹತ್ತಿರ ಇರಲಾರದು. ಇಸಿಜಿ, ಎಕೋ, ಟ್ರೆಡ್‌ಮಿಲ್, ಥೈರಾಯ್ಡ್ ಎಲ್ಲವನ್ನೂ ದಿನಾಂಕವಾರು ಪಂಚ್ ಮಾಡಿ, ಬಾಕ್ಸ್ ಫೈಲಿಗೆ ಸೇರಿಸಿ, ಬೆನ್ನಿಗೆ ‘ಹೃದಯ, ಸಂಪುಟ 2’ ಎಂದು ಚೀಟಿ ಅಂಟಿಸಿದ್ದೇನೆ. ಸರ್ವಿಸ್ ಪೂರ್ತಿ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೂತವನ ಅಭ್ಯಾಸಬಲ. ಪ್ರತಿ ರಿಪೋರ್ಟಿನ ಕೊನೆಗೂ ‘ನಾರ್ಮಲ್’ ಎಂದೇ ಇದೆ. ನನ್ನನ್ನು ಕಾಡಿದ್ದೇ ಅದು. ಒಂದು ಪೈಸೆ ಹೆಚ್ಚುಕಡಿಮೆ ಇಲ್ಲದೆ ತಾಳೆಯಾಗುವ ಲೆಕ್ಕವನ್ನು ನಾನು ಎಂದೂ ನಂಬಿದವನಲ್ಲ. ಯಾರೋ ಎಲ್ಲೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಅದರ ಅರ್ಥ.

ಕಾಯಿಲೆ ಇಷ್ಟೇ. ಇದ್ದಕ್ಕಿದ್ದಂತೆ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಉಸಿರು ಅರ್ಧಕ್ಕೇ ನಿಂತುಬಿಟ್ಟಿತೆನ್ನಿಸುವುದು, ಬೆರಳ ತುದಿಯಲ್ಲಿ ಜುಮುಜುಮು, ಜೊತೆಗೆ ‘ಆಯ್ತು, ಮುಗೀತು’ ಎಂಬ ಖಚಿತ ಜ್ಞಾನ. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗುತ್ತಿತ್ತು. ಆಟೋ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಲ್ಲಿ ನನ್ನಷ್ಟು ಆರೋಗ್ಯವಂತ ಇನ್ನೊಬ್ಬ ಇರುತ್ತಿರಲಿಲ್ಲ, ಡ್ಯೂಟಿ ಡಾಕ್ಟರನ್ನೂ ಸೇರಿಸಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ, ಮತ್ತೆ 2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿದಾಗ, ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ಎಲ್ಲರೂ ನೋಡಿದ್ದೇ. ಆ ಸಾಲು ಟಿವಿಯಲ್ಲಿ ಬಂದಾಗ ನನ್ನಾಕೆ, ‘ಇದರಲ್ಲಿ ನೀವು ಕಾಣಿಸ್ತಿಲ್ವಲ್ಲ, ಆಶ್ಚರ್ಯ’ ಎಂದಳು. ಅಷ್ಟು ಜನರ ಮಧ್ಯೆ ನಿಂತರೆ ಎದೆ ಹೊಡೆದುಕೊಳ್ಳುತ್ತದೆಂದು ನಾನು ಬೆಳಿಗ್ಗೆಯೇ ಸಾಲಿಲ್ಲದ ಇನ್ನೊಂದು ಕಡೆ ಹೋಗಿಬಂದಿದ್ದೆ. ಅದನ್ನು ಅವಳಿಗೆ ಹೇಳಿರಲಿಲ್ಲ.

ಆ ಇನ್ನೊಂದು ಕಡೆಯ ಹೃದ್ರೋಗ ತಜ್ಞರು ನನ್ನ ಫೈಲನ್ನು ಕೈಯಲ್ಲಿ ಎತ್ತಿ ತೂಕ ನೋಡಿದರು. ‘ಲಿಫ್ಟ್ ಕೆಟ್ಟಿದೆ, ಇದನ್ನ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬಂದಿದ್ದೀರಿ. ಇನ್ನು ಬೇರೆ ಟೆಸ್ಟ್ ಯಾಕೆ ಸ್ವಾಮಿ? ಹೃದಯ ಗಟ್ಟಿಯಾಗಿದೆ. ಇದು ಪ್ಯಾನಿಕ್. ಸೈಕಾಲಜಿಸ್ಟನ್ನ ನೋಡಿ’ ಎಂದರು. ಹೃದಯ ಗಟ್ಟಿಯಿದೆ ಎಂದಿದ್ದಕ್ಕೆ ಸಂತೋಷಪಡಬೇಕಾದವನು ತಲೆ ಕೆಟ್ಟಿದೆ ಎಂದರಲ್ಲಾ ಎಂದು ಕುದಿಯುತ್ತ ಮೆಟ್ಟಿಲಿಳಿದೆ. ಅದೇ ರಾತ್ರಿ ಎದೆ ಮತ್ತೆ ಶುರುಮಾಡಿತು. ಪತ್ರಿಕೆಯಲ್ಲಿ ನೋಡಿ ಗುರುತು ಹಾಕಿಟ್ಟಿದ್ದ 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ ಮಾನಸ್. ಅದರ ಹಿಂದೆ ನಿಂತಿರುವುದು ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್. ಆ ಕಡೆ ಅಚ್ಚ ಕನ್ನಡದ ದನಿ. ‘ಇದು ಹಾರ್ಟಿಗೂ ಆಗುತ್ತಾ?’ ಎಂದೆ. ಆಯಮ್ಮ ನಗಲಿಲ್ಲ. ನಾನಾಗಿದ್ದರೆ ನಗುತ್ತಿದ್ದೆ. ಎಲ್ಲ ತಾಳ್ಮೆಯಿಂದ ಕೇಳಿ, ಡಾಕ್ಟರು ಹೇಳಿದ್ದನ್ನೇ ಹೇಳಿದರು. ಇಬ್ಬರು ಆಡಿಟರುಗಳು ಒಂದೇ ಆಕ್ಷೇಪಣೆ ಬರೆದರೆ ಉತ್ತರ ಕೊಡಲೇಬೇಕು. ಹೊರಟೆ.

ಸೈಕಾಲಜಿಸ್ಟ್ ಎಂದರೆ ಗಡ್ಡ, ಮಲಗಿಸಲು ಒಂದು ಸೋಫಾ, ‘ನಿಮ್ಮ ತಾಯಿಯ ಬಗ್ಗೆ ಹೇಳಿ’ ಎನ್ನುವ ಮಂದ್ರ ಸ್ವರ ಎಂದುಕೊಂಡಿದ್ದೆ. ಅದಕ್ಕೆ ತಕ್ಕಂತೆ ಬಾಲ್ಯವನ್ನೂ ಸಿದ್ಧಪಡಿಸಿಕೊಂಡಿದ್ದೆ: ಅಜ್ಜನ ಮನೆಯ ಬಾವಿಗೆ ಇಣುಕಿದ್ದು, ಗಣಿತದ ಮೇಷ್ಟ್ರ ಬೆತ್ತ, ಕೊನೆಗೆ ಕಣ್ಣೀರಿಗೊಂದು ಜಾಗ. ಬಾಗಿಲು ತೆರೆದರೆ ನನ್ನ ಮಗಳ ವಯಸ್ಸಿನ ಹುಡುಗಿ, ಗೋಡೆಗೆ ಬಿಳಿ ಬೋರ್ಡು, ಕೈಯಲ್ಲಿ ಮಾರ್ಕರ್. ಕೂರಲು ಪ್ಲಾಸ್ಟಿಕ್ ಕುರ್ಚಿ.

‘ಕಳೆದ ವಾರ ಎದೆ ಹೊಡ್ಕೊಂಡಾಗ ಎಲ್ಲಿದ್ರಿ ಸರ್? ಆ ಕ್ಷಣಕ್ಕೆ ತಲೆಯಲ್ಲಿ ಏನು ಓಡಿತು?’

‘ನಮ್ಮಜ್ಜನ ಮನೇಲಿ ಒಂದು ಬಾವಿ...’

‘ಬಾವಿ ಆಮೇಲೆ ನೋಡೋಣ. ಕಳೆದ ವಾರ?’

ಆ ಬಾವಿಯನ್ನು ಕೊನೆಯವರೆಗೂ ಯಾರೂ ಕೇಳಲಿಲ್ಲ. ಅಷ್ಟು ಚೆನ್ನಾಗಿ ತಯಾರಾಗಿದ್ದೆ.

ಈ ಪದ್ಧತಿಗೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಸಿಬಿಟಿ, ಎನ್ನುತ್ತಾರಂತೆ. ಇದರ ಮೂಲಪುರುಷರಲ್ಲಿ ಒಬ್ಬರಾದ ಆರನ್ ಬೆಕ್ ಕೂಡ ಮೊದಲು ಸೋಫಾ ಪಂಥದವರೇ. ಫಿಲಡೆಲ್ಫಿಯಾದಲ್ಲಿ ಫ್ರಾಯ್ಡನ ಮಾರ್ಗದಲ್ಲಿ ರೋಗಿಗಳನ್ನು ಮಲಗಿಸಿ ಮಾತಾಡಿಸುತ್ತಿದ್ದವರು. ತನ್ನ ಖಾಸಗಿ ಸಾಹಸಗಳನ್ನೆಲ್ಲ ಹೇಳುತ್ತಿದ್ದ ರೋಗಿಯೊಬ್ಬಳು ಬಹಳ ಆತಂಕದಲ್ಲಿದ್ದಳು. ಸಾಹಸಗಳ ಬಗ್ಗೆ ಅಳುಕಿರಬೇಕು ಎಂದು ಡಾಕ್ಟರ ಎಣಿಕೆ. ವಿಚಾರಿಸಿದರೆ ಅವಳ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ: ‘ನನ್ನ ಮಾತು ಕೇಳಿ ಡಾಕ್ಟರಿಗೆ ಬೋರಾಗ್ತಿದೆ.’ ಬಾಯಲ್ಲಿ ಒಂದು ಕಥೆ, ಅದರಡಿ ಸದ್ದಿಲ್ಲದೆ ಇನ್ನೊಂದು. ತಾನಾಗಿ ಥಟ್ಟನೆ ಬರುವ, ಬಂದಿದ್ದೇ ಗೊತ್ತಾಗದ ಇಂಥ ಯೋಚನೆಗಳನ್ನು ಹಿಡಿದು ಪರೀಕ್ಷೆಗೆ ಒಡ್ಡಬಹುದು ಎಂದು ಅರವತ್ತರ ದಶಕದಲ್ಲಿ ಬೆಕ್ ಕೆಲಸ ಶುರುಮಾಡಿದರು. ಮೊದಲು ಖಿನ್ನತೆಗೆ, ಆಮೇಲೆ ಆತಂಕಕ್ಕೆ. ಬೋ ಟೈ ಕಟ್ಟಿಕೊಂಡು ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ನೂರು ವರ್ಷ ಎಂಬ ವಿವರ ಕೇಳಿದ ಮೇಲೆಯೇ ನನಗೆ ಈ ಚಿಕಿತ್ಸೆಯಲ್ಲಿ ಸ್ವಲ್ಪ ನಂಬಿಕೆ ಹುಟ್ಟಿದ್ದು.

ಹುಡುಗಿ ಬೋರ್ಡಿನ ಮೇಲೆ ಒಂದು ಸುತ್ತು ಬರೆದಳು. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮೆಟ್ಟಿಲು ಹತ್ತಿದ್ದಕ್ಕೋ ಎರಡನೇ ಕಾಫಿಗೋ. ನಾನು ‘ಹಾರ್ಟ್ ಅಟ್ಯಾಕ್’ ಎನ್ನುತ್ತೇನೆ. ಹೆದರಿದ ಮೈ ಅಡ್ರಿನಲಿನ್ ಸುರಿಯುತ್ತದೆ. ಎದೆ ಇನ್ನೂ ಜೋರಾಗುತ್ತದೆ. ‘ನೋಡಿದ್ಯಾ, ನಾನು ಹೇಳಲಿಲ್ವಾ!’ ಎನ್ನುತ್ತೇನೆ. ತಾನೇ ‘ಕಳ್ಳ ಕಳ್ಳ’ ಎಂದು ಕೂಗಿ, ಆ ಕೂಗಿಗೆ ತಾನೇ ಬೆಚ್ಚಿಬಿದ್ದು ಮತ್ತಷ್ಟು ಜೋರಾಗಿ ಕೂಗುವ ಕಾವಲುಗಾರನ ಕಥೆ. ಆಕ್ಸ್‌ಫರ್ಡಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್ಕಿನ ಈ ಸುತ್ತನ್ನು ವಿವರಿಸಿದರಂತೆ. ನನಗೋ ಒಳಗೊಳಗೇ ಬೇಸರ. ನನ್ನದು ಯಾರಿಗೂ ಅರ್ಥವಾಗದ ಅಪರೂಪದ ಕಾಯಿಲೆ ಎಂದುಕೊಂಡಿದ್ದೆ. ಅದು ಬೋರ್ಡಿನ ಮೇಲೆ ಅಂಗೈಯಗಲದ ಜಾಗದಲ್ಲಿ ಮುಗಿದುಹೋಯಿತು.

ಮೊದಲ ಹೋಮ್‌ವರ್ಕ್, ಯೋಚನೆಗಳ ಪಟ್ಟಿ. ಸಂದರ್ಭ, ಥಟ್ಟನೆ ಬಂದ ಯೋಚನೆ, ಅದನ್ನು ಎಷ್ಟು ಶೇಕಡಾ ನಂಬುತ್ತೀರಿ, ಪರವಾಗಿ ಏನು ಸಾಕ್ಷ್ಯ, ವಿರುದ್ಧ ಏನು, ತೂಗಿನೋಡಿದ ಮೇಲೆ ಈಗೆಷ್ಟು ಶೇಕಡಾ. ಕಾಲಂ ಎಂದ ಕೂಡಲೇ ನನಗೆ ರೋಮಾಂಚನ. ಕೆಂಪು ರಟ್ಟಿನ ಲೆಡ್ಜರ್ ಕೊಂಡು, ಎರಡು ಬಣ್ಣದಲ್ಲಿ ಗೆರೆ ಎಳೆದು, ಪುಟದ ಕೊನೆಗೆ ಮೊತ್ತ ಹಾಕಿ, ‘ಮುಂದಿನ ಪುಟಕ್ಕೆ ಒಯ್ದದ್ದು’ ಎಂದು ಬರೆದು ತೋರಿಸಿದೆ.

‘ಸರ್, ಶೇಕಡಾವನ್ನೆಲ್ಲ ಕೂಡಿದ್ದೀರಲ್ಲ?’

‘ಹೌದಮ್ಮ. ಈ ವಾರ ಸಾಯುವ ಸಂಭವ ಒಟ್ಟು 270 ಪರ್ಸೆಂಟ್.’

ಪರವಾದ ಸಾಕ್ಷ್ಯಕ್ಕೆ ಕೊರತೆಯಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮ ದೊಡ್ಡಪ್ಪ ಹೀಗೇ ಹೋದರು. ಎಡಗೈ ನೋಯುತ್ತಿತ್ತು, ಎಡಗೈಯಲ್ಲಿ ಕುಂಬಳಕಾಯಿ ಇದ್ದ ಚೀಲವಿತ್ತು ಎಂಬುದನ್ನು ಕೆದಕಿ ಕೇಳಿದ ಮೇಲೆ ಸೇರಿಸಿದೆ. ವಿರುದ್ಧದ ಕಾಲಂ ಖಾಲಿ. ಅವಳು ಪೆನ್ನು ತೆಗೆದುಕೊಂಡು ಕೇಳಿದಳು, ‘ಇದಕ್ಕೆ ಮುಂಚೆ ಎಷ್ಟು ಸಲ ಹೀಗೇ ಖಚಿತ ಅನ್ನಿಸಿತ್ತು?’

‘ಲೆಕ್ಕವೇ ಇಲ್ಲ.’

‘ಅದರಲ್ಲಿ ಎಷ್ಟು ಸಲ ಸತ್ತಿರಿ?’

‘ಇನ್ನೂ... ಶುರುವಾಗಿಲ್ಲ.’

‘ಅದನ್ನ ಬರೀರಿ.’

ಬರೆದೆ. ಆದರೂ ‘ಗತಕಾಲದ ಫಲಿತಾಂಶ ಭವಿಷ್ಯಕ್ಕೆ ಖಾತರಿಯಲ್ಲ’ ಎಂದು ಪಕ್ಕದಲ್ಲಿ ಷರಾ ಹಾಕಿದೆ. ವಾದದಲ್ಲಿ ನನ್ನನ್ನು ಸೋಲಿಸಿದವರು ನಮ್ಮ ಆಫೀಸಿನಲ್ಲೂ ಯಾರೂ ಇರಲಿಲ್ಲ. ಒಳ್ಳೆಯದನ್ನೇ ಯೋಚಿಸಿ, ಎಲ್ಲ ಸರಿಹೋಗುತ್ತದೆ ಎಂದು ಬೆನ್ನು ತಟ್ಟುವ ಚಿಕಿತ್ಸೆ ಇದಾಗಿದ್ದರೆ ಮೊದಲ ವಾರವೇ ಅವಳನ್ನು ಮಣಿಸಿಬಿಡುತ್ತಿದ್ದೆ. ಅವಳು ಒಂದು ಸಲವೂ ‘ಏನೂ ಆಗಲ್ಲ’ ಎನ್ನಲಿಲ್ಲ. ‘ಏನಾಗುತ್ತೆ ಅಂತೀರೋ ಅದನ್ನ ಬರೆದಿಡಿ, ಆಗುತ್ತಾ ನೋಡೋಣ’ ಎನ್ನುತ್ತಿದ್ದಳು. ಇಂಥವರ ಜೊತೆ ಜಗಳವಾಡುವುದು ಕಷ್ಟ.

ಆ ಲೆಡ್ಜರ್ ಒಂದು ದಿನ ಊಟದ ಮೇಜಿನ ಮೇಲೆ ಉಳಿದುಬಿಟ್ಟಿತು. ಮಾರನೆಯ ದಿನ ತೆರೆದರೆ ನನ್ನದೊಂದು ನಮೂದು: ‘ಸಂದರ್ಭ, ರಾತ್ರಿ ಊಟ. ಯೋಚನೆ, ಹುಳಿಗೆ ಉಪ್ಪು ಹಾಕಿಲ್ಲ. ಡಾಕ್ಟರು ನನ್ನ ಸ್ಥಿತಿಯ ಬಗ್ಗೆ ಇವಳಿಗೆ ಗುಟ್ಟಾಗಿ ಏನೋ ಹೇಳಿದ್ದಾರೆ. ನಂಬಿಕೆ, 85.’ ಅದರ ಎದುರಿನ ‘ವಿರುದ್ಧ ಸಾಕ್ಷ್ಯ’ದ ಕಾಲಮಿನಲ್ಲಿ ನನ್ನಾಕೆಯ ದುಂಡು ಅಕ್ಷರ: ‘ಉಪ್ಪು ಮುಗಿದು ಎರಡು ದಿನವಾಯಿತು. ತರಲು ಹೇಳಿದ್ದೆ.’ ಸೈಕಾಲಜಿಸ್ಟ್ ಅದನ್ನು ಓದಿ, ಇಡೀ ಪುಸ್ತಕದಲ್ಲಿ ಸರಿಯಾಗಿ ತುಂಬಿದ ಸಾಲು ಇದೊಂದೇ ಎಂದಳು. ಬೇರೆಯವರ ಮನಸ್ಸಿನಲ್ಲಿರುವುದು ನಮಗೆ ಗೊತ್ತು ಎಂದು ನಂಬುವುದು, ಸಣ್ಣದನ್ನು ಪ್ರಳಯಕ್ಕೆ ಒಯ್ಯುವುದು, ಒಂದೋ ಪೂರಾ ಇಲ್ಲವೋ ಸೊನ್ನೆ ಎನ್ನುವುದು ಎಂದೆಲ್ಲ ಯೋಚನೆಯ ಓರೆಕೋರೆಗಳಿಗೆ ಇವರಲ್ಲಿ ಒಂದು ಪಟ್ಟಿಯೇ ಇದೆ. ನನ್ನಾಕೆ ಅದರ ಜೆರಾಕ್ಸ್ ತರಿಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನಾನು ಬಾಯಿ ತೆರೆದರೆ ಸೌಟಿನ ಹಿಡಿಯಿಂದ ಒಂದು ಸಾಲನ್ನು ತೋರಿಸುತ್ತಾಳೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳ ಕೈಗೆ ಸಿಕ್ಕ ಅತ್ಯುತ್ತಮ ಆಯುಧ.

ಕಾಯುವ ಕೋಣೆಯಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಸಿಗುತ್ತಿದ್ದರು. ನನ್ನ ಮುಂದಿನ ಸರದಿ ಅವರದು. ಅವರದು ಖಿನ್ನತೆ. ರಿಟೈರಾದ ಮೇಲೆ ಹಾಸಿಗೆ ಬಿಟ್ಟು ಏಳುವುದೇ ಬೆಟ್ಟ ಹತ್ತುವ ಕೆಲಸವಾಗಿತ್ತಂತೆ. ಮಾತ್ರೆಯೂ ನಡೆಯುತ್ತಿತ್ತು. ತೀವ್ರವಾಗಿದ್ದರೆ ಎರಡೂ ಜೊತೆಯಲ್ಲಿ ಬೇಕಾಗುತ್ತದೆ. ಅವರ ಹೋಮ್‌ವರ್ಕ್ ಕೇಳಿ ನನಗೆ ಹೊಟ್ಟೆಯುರಿ. ಬೆಳಿಗ್ಗೆ ಎಂಟಕ್ಕೆ ಸ್ನಾನ, ಆಮೇಲೆ ಗಾಂಧಿ ಬಜಾರಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತರುವುದು. ತಂದ ಮೇಲೆ ‘ಖುಷಿ’ಗೆ ಹತ್ತಕ್ಕೆ ಎಷ್ಟು, ‘ಮಾಡಿದೆ ಎಂಬ ತೃಪ್ತಿ’ಗೆ ಹತ್ತಕ್ಕೆ ಎಷ್ಟು ಎಂದು ಅಂಕ ಹಾಕುವುದು. ‘ಮನಸ್ಸು ಬರಲಿ, ಹೋಗ್ತೀನಿ ಅಂತ ಕಾದಿದ್ದೆ. ಈಯಮ್ಮ ಹೇಳ್ತಾಳೆ, ಮೊದಲು ಹೋಗಿ, ಮನಸ್ಸು ಹಿಂದಿನಿಂದ ಬರುತ್ತೆ ಅಂತ’ ಎಂದರು ಮೇಷ್ಟ್ರು. ‘ಬಂತಾ?’ ಎಂದೆ. ‘ಖುಷಿ ಸೊನ್ನೆ. ತೃಪ್ತಿ ಎರಡು. ಕೊತ್ತಂಬರಿ ಎಳೇದಿತ್ತು.’ ಉತ್ತರ ಪತ್ರಿಕೆ ತಿದ್ದಿ ತಿದ್ದಿ ಕೈ ಬಿಗಿಯಾದವರು. ತಮಗೂ ಅಷ್ಟು ಸುಲಭಕ್ಕೆ ಅಂಕ ಕೊಡುವವರಲ್ಲ.

ಒಂದು ವಾರ ನಾನು ಲೆಡ್ಜರ್ ತುಂಬಿಸಿರಲಿಲ್ಲ. ನನ್ನ ಸರದಿಗೆ ಇನ್ನು ಐದು ನಿಮಿಷ. ‘ಮೇಷ್ಟ್ರೇ, ನಿಮ್ಮದು ಆಗಿದೆಯಾ? ಕೊಡಿ ಸ್ವಲ್ಪ’ ಎಂದೆ. ಅವರು ಎಡಬಲ ನೋಡಿ, ರಿಸೆಪ್ಷನ್ ಹುಡುಗಿಗೆ ಕಾಣದಂತೆ ಪುಸ್ತಕವನ್ನು ಪೇಪರಿನೊಳಗಿಟ್ಟು ದಾಟಿಸಿದರು. ಗಬಗಬ ಕಾಪಿ ಹೊಡೆದೆ. ಒಳಗೆ ಹೋದರೆ ಸೈಕಾಲಜಿಸ್ಟ್ ಓದಿದಳು: ‘ಯೋಚನೆ: ನನ್ನಿಂದ ಯಾರಿಗೂ ಮೂರುಕಾಸಿನ ಉಪಯೋಗವಿಲ್ಲ.’ ತಲೆಯೆತ್ತಿ, ‘ಸರ್, ಅಕ್ಷರ ನಿಮ್ಮದು. ಯೋಚನೆ ನಿಮ್ಮದಲ್ಲ. ನೀವು ಸಾಯುವವರು. ಇದು ನಿಮ್ಮ ಲೈನೇ ಅಲ್ಲ’ ಎಂದಳು. ಬೆವರಿಳಿಯಿತು. ‘ಈಗ ತಲೆಯಲ್ಲಿ ಏನು ಓಡ್ತಿದೆ? ಅದನ್ನ ಬರೀರಿ’ ಎಂದು ಅಲ್ಲೇ ಕೂರಿಸಿ ಬರೆಸಿದಳು. ಹೊರಗೆ ಬಂದು ಮೇಷ್ಟ್ರಿಗೆ ವರದಿ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡರೆ ಅವರ ಮುಖ ಅರಳಿತು. ಅವರು ಒಳಗೆ ಹೋಗಿ ಬರೆದದ್ದನ್ನು ಮುಂದಿನ ವಾರ ನನಗೆ ತೋರಿಸಿದರು. ‘ನನ್ನಿಂದ ಯಾರಿಗೂ ಉಪಯೋಗವಿಲ್ಲ’ ಎಂಬುದರ ಎದುರು, ವಿರುದ್ಧ ಸಾಕ್ಷ್ಯ: ‘ಪಕ್ಕದವರು ನನ್ನ ಪುಸ್ತಕ ನೋಡಿ ಕಾಪಿ ಹೊಡೆದರು.’ ನಂಬಿಕೆ ತೊಂಬತ್ತರಿಂದ ಎಪ್ಪತ್ತಕ್ಕೆ ಇಳಿದಿತ್ತು. ನನ್ನ ಅಪ್ರಾಮಾಣಿಕತೆಯಿಂದ ಲೋಕಕ್ಕೆ ಆದ ಒಳಿತು ಅದೊಂದೇ.

ಇನ್ನು ಮಾತ್ರೆಯ ವಿಷಯ. ನಾಲಿಗೆಯಡಿ ಇಟ್ಟುಕೊಳ್ಳುವ ಹೃದಯದ ಮಾತ್ರೆಯೊಂದು ಸದಾ ನನ್ನ ಅಂಗಿಯ ಜೇಬಿನಲ್ಲಿ, ತಾಯತದ ಜಾಗದಲ್ಲಿ, ಇರುತ್ತಿತ್ತು. ಯಾರೂ ಬರೆದುಕೊಟ್ಟದ್ದಲ್ಲ, ಷಡ್ಡಕನ ಡಬ್ಬಿಯಿಂದ ಎತ್ತಿದ್ದು. ಜೊತೆಗೆ ನೀರಿನ ಬಾಟಲಿ, ಬಾಗಿಲ ಪಕ್ಕದ ಸೀಟು, ದಾರಿಯುದ್ದದ ಆಸ್ಪತ್ರೆಗಳ ಪಟ್ಟಿ, ಮೂರು ನಿಮಿಷಕ್ಕೊಮ್ಮೆ ನಾಡಿ. ಇವುಗಳಿಗೆ ರಕ್ಷಣಾ ವರ್ತನೆ ಎಂದು ಹೆಸರಂತೆ. ನಾನು ಬದುಕಿದ್ದು ಇವುಗಳಿಂದಲೇ ಎಂದು ನಂಬಿಸಿ, ಭಯ ಸುಳ್ಳೆಂದು ತಿಳಿಯುವ ಅವಕಾಶವನ್ನೇ ಇವು ತಪ್ಪಿಸುತ್ತವೆ ಎಂದು ಅವಳ ಪಾಠ. ‘ಹಾಗಂದ್ರೇನಮ್ಮ? ಈ ಮಾತ್ರೆ ನನ್ನ ಎಷ್ಟು ಸಲ ಬದುಕಿಸಿದೆ ಗೊತ್ತಾ?’ ಎಂದೆ. ‘ತಗೊಂಡಿದ್ದೀರಾ?’ ‘ಇಲ್ಲ. ಇದೆ ಅನ್ನೋ ಧೈರ್ಯಕ್ಕೇ ಸರಿಹೋಗಿದೆ.’ ‘ಕೊಡಿ ನೋಡೋಣ’ ಎಂದು ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಅವಧಿ 2019ರಲ್ಲೇ ಮುಗಿದಿತ್ತು. ಕೋವಿಡ್‌ನ ಅಲೆಗಳನ್ನೆಲ್ಲ ನಾನು ದಾಟಿದ್ದು ಸತ್ತ ಮಾತ್ರೆಯ ಕಾವಲಿನಲ್ಲಿ.

ಮುಂದಿನ ಹಂತಕ್ಕೆ ಅವಳು ಹೃದಯ ತಜ್ಞರ ಚೀಟಿ ಕೇಳಿದಳು. ಸಂಪುಟ 2 ಜೀವಮಾನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಯಾವ ಲಕ್ಷಣಕ್ಕೆ ಹೆದರುತ್ತೇವೋ ಅದನ್ನೇ ಬೇಕೆಂದು ತರಿಸಿಕೊಳ್ಳುವುದು ಈ ಹಂತ: ಮೆಟ್ಟಿಲು ಓಡಿ ಎದೆ ಬಡಿಸಿಕೊಳ್ಳುವುದು, ಕುರ್ಚಿಯಲ್ಲಿ ಗಿರಗಿರ ಸುತ್ತಿ ತಲೆ ತಿರುಗಿಸಿಕೊಳ್ಳುವುದು, ಮೂಗು ಮುಚ್ಚಿ ಸಣ್ಣ ಸ್ಟ್ರಾದಲ್ಲಿ ಉಸಿರಾಡಿ ಉಸಿರು ಕಟ್ಟಿಸಿಕೊಳ್ಳುವುದು. ಅಮೆರಿಕದ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು ಇದನ್ನು ಪ್ಯಾನಿಕ್ ಚಿಕಿತ್ಸೆಯ ಭಾಗವಾಗಿ ಬೆಳೆಸಿದರಂತೆ. ಕಾಸು ಕೊಟ್ಟು ಸುಸ್ತು ಮಾಡಿಸಿಕೊಳ್ಳುವುದು ಎಂದರೆ ಇದೇ.

ಮನೆಯಲ್ಲಿ ಸ್ಟ್ರಾ ಇರಲಿಲ್ಲ. ಪಾರ್ಕಿನ ಮೂಲೆಯ ಎಳನೀರಿನವನ ಹತ್ತಿರ ಹೋಗಿ, ‘ಒಂದು ಸ್ಟ್ರಾ ಕೊಡಪ್ಪ, ಎಳನೀರು ಬೇಡ’ ಎಂದೆ. ವಿಚಿತ್ರವಾಗಿ ನೋಡಿ ಕೊಟ್ಟ. ಕಾಗದದ್ದು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಲ್ಲವೇ. ಗಾಡಿಯ ಹಿಂದಿನ ಕಟ್ಟೆಯ ಮೇಲೆ ಕೂತು, ಎಡಗೈಯಲ್ಲಿ ಮೂಗು ಹಿಡಿದು, ಬಲಗೈಯಲ್ಲಿ ಸ್ಟ್ರಾ ಹಿಡಿದು ಶುರುಮಾಡಿದೆ. ಅರ್ಧ ನಿಮಿಷಕ್ಕೆ ಎದೆ ಏರಿತು, ಕಿವಿ ಬಿಸಿಯಾಯಿತು. ಒಂದು ನಿಮಿಷಕ್ಕೆ ಕಾಗದ ಎಂಜಲಿಗೆ ನೆಂದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತು. ಈಗ ಉಸಿರು ನಿಜವಾಗಿಯೇ ಕಟ್ಟಿತು. ಕಣ್ಣು ಕೆಂಪಗೆ ಮಾಡಿಕೊಂಡು ‘ಇನ್ನೊಂದು’ ಎಂದು ಕೈಚಾಚಿದೆ. ಎಳನೀರಿನವನ ಕರುಳು ಚುರುಕ್ಕೆಂದಿತು. ಕೊಚ್ಚಿದ ಕಾಯೊಂದನ್ನು ನನ್ನ ಕೈಗಿಟ್ಟು, ‘ಕುಡೀರಿ ಸ್ವಾಮಿ, ಕಾಸು ಬೇಡ. ಬರೀ ಸ್ಟ್ರಾ ಚೀಪೋ ಸ್ಥಿತಿ ಯಾರಿಗೂ ಬರಬಾರದು’ ಎಂದ. ಅಕ್ಕಪಕ್ಕದ ವಾಕಿಂಗಿನವರು ನಿಂತು ನೋಡಿದರು. ಅವರಲ್ಲೊಬ್ಬರು ನಮ್ಮ ಹಳೇ ಮ್ಯಾನೇಜರು. ವಿಷಯ ಪೆನ್ಷನರ್ಸ್ ಸಂಘಕ್ಕೆ ತಲುಪಿ, ನನ್ನ ಪೆನ್ಷನ್ ಎಲ್ಲಾದರೂ ನಿಂತಿದೆಯೇ ಎಂದು ವಿಚಾರಿಸಲು ಎರಡು ಫೋನ್ ಬಂದವು.

ಇದನ್ನು ಕೇಳಿ ಸೈಕಾಲಜಿಸ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕು, ಆಲ್ಬರ್ಟ್ ಎಲ್ಲಿಸ್ ಕಥೆ ಹೇಳಿದಳು. ಈ ಚಿಕಿತ್ಸಾ ಪರಂಪರೆಯ ಇನ್ನೊಬ್ಬ ಹಿರಿಯ. ಹತ್ತೊಂಬತ್ತರ ವಯಸ್ಸಿನಲ್ಲಿ ಹೆಂಗಸರನ್ನು ಮಾತಾಡಿಸಲು ಎದೆ ನಡುಗುತ್ತಿತ್ತಂತೆ. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ಹೋಗಿ, ಬೆಂಚಿನ ಮೇಲೆ ಒಬ್ಬಳೇ ಕೂತವಳನ್ನು ಕಂಡರೆ ಮಾತಾಡಿಸಲೇಬೇಕು ಎಂದು ತನಗೆ ತಾನೇ ಕಟ್ಟಪ್ಪಣೆ ವಿಧಿಸಿಕೊಂಡ. ಅವನೇ ಹೇಳಿಕೊಂಡಿರುವ ಪ್ರಕಾರ ಒಂದೇ ತಿಂಗಳಲ್ಲಿ 130 ಮಂದಿ. ಮೂವತ್ತು ಮಂದಿ ಎದ್ದುಹೋದರು, ನೂರು ಮಂದಿ ಮಾತಾಡಿದರು, ಒಬ್ಬಳು ಮತ್ತೆ ಭೇಟಿಗೆ ಒಪ್ಪಿ ಕೊನೆಗೆ ಬರಲೇ ಇಲ್ಲ. ಆದರೆ ಯಾರೂ ಪೊಲೀಸರನ್ನು ಕರೆಯಲಿಲ್ಲ, ಆಕಾಶ ಕಳಚಲಿಲ್ಲ, ಭಯ ಹೋಯಿತು. ಮುಂದೆ ಡಾಕ್ಟರಾದ ಮೇಲೆ ಅವನು ರೋಗಿಗಳಿಗೆ ನಾಚಿಕೆ ಬಿಡಿಸಲು ಬಾಳೆಹಣ್ಣಿಗೆ ಹಗ್ಗ ಕಟ್ಟಿ ನಾಯಿಯನ್ನು ಕರೆದೊಯ್ಯುವಂತೆ ಬೀದಿಯಲ್ಲಿ ಎಳೆದುಕೊಂಡು ಹೋಗಲು ಹೇಳುತ್ತಿದ್ದನಂತೆ. ‘ಅದು ನ್ಯೂಯಾರ್ಕಿನಲ್ಲಿ ನಡೆಯುತ್ತಮ್ಮ. ಇಲ್ಲಿ ಡಿವಿಜಿ ರೋಡಿನಲ್ಲಿ ಎಳೆದರೆ ಹತ್ತು ಹೆಜ್ಜೆಗೆ ದನ ತಿಂದುಹಾಕುತ್ತೆ’ ಎಂದೆ. ‘ಹಾಗಾದ್ರೆ ನಿಮಗೆ ಮೆಟ್ರೋ’ ಎಂದಳು. ಬಾಳೆಹಣ್ಣನ್ನೇ ಒಪ್ಪಿಕೊಳ್ಳಬೇಕಿತ್ತು.

ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್‌ಗೆ ಹಸಿರು ಮಾರ್ಗ. ಮೇಲೆ ಹೋಗುತ್ತಿರುವ ರೈಲು ಅಲ್ಲಿಂದ ಮುಂದೆ ಸುರಂಗಕ್ಕೆ ಇಳಿಯುತ್ತದೆ. ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಮೂರೂ ನೆಲದಡಿ. ಸುರಂಗ ಶುರುವಾದಂದಿನಿಂದ ನಾನು ಆ ದಾರಿ ತುಳಿದವನಲ್ಲ. ಷರತ್ತುಗಳು: ಮಾತ್ರೆಯಿಲ್ಲ, ನೀರಿಲ್ಲ, ನಾಡಿ ಮುಟ್ಟುವಂತಿಲ್ಲ, ಹೆಂಡತಿಗೆ ಫೋನಿಲ್ಲ, ಬಾಗಿಲಿಂದ ದೂರ ನಡುವಿನ ಸೀಟು. ಮೊದಲೇ ಭವಿಷ್ಯ ಬರೆದು ಸಹಿ ಹಾಕಿದೆ. ‘ಮಾರುಕಟ್ಟೆ ದಾಟುವುದರೊಳಗೆ ಎದೆ ನಿಲ್ಲುತ್ತದೆ: ಶೇ 90. ಚಿಕ್ಕಪೇಟೆಯಲ್ಲಿ ಜನ ಸುತ್ತ ಸೇರುತ್ತಾರೆ: ಶೇ 95.’ ಸತ್ತ ಮೇಲೆ ಜನ ಸೇರುವ ಸಂಭವ ಸಾಯುವ ಸಂಭವಕ್ಕಿಂತ ಹೇಗೆ ಹೆಚ್ಚು ಎಂದು ಅವಳು ಕೇಳಿದಳು. ನಮ್ಮ ಜನ ನಿಮಗೆ ಗೊತ್ತಿಲ್ಲ ಎಂದೆ.

ರೈಲು ಕತ್ತಲಿಗೆ ಇಳಿದದ್ದೇ ತಡ, ಎದೆ ಹಿಡಿದುಕೊಂಡಿತು. ಪಕ್ಕದಲ್ಲಿದ್ದವರು ಬಗ್ಗಿ ನೋಡಿ, ‘ಯಾಕೆ ಸಾರ್, ಮುಖ ಬಿಳಿಚಿಕೊಂಡಿದೆ?’ ಎಂದರು. ‘ಏನಿಲ್ಲ’ ಎಂದೆ. ‘ಹುಷಾರು ಸಾರ್. ನಮ್ಮ ಭಾವ ಹೀಗೇ, ನಿಮ್ಮ ಹಾಗೇ ಕೂತಿದ್ರು. ಏನಿಲ್ಲ ಅಂದ್ರು. ಹೋಗೇಬಿಟ್ರು.’ ಇಡೀ ಬೆಂಗಳೂರಿನಲ್ಲಿ ಆ ಹೊತ್ತಿಗೆ ನನ್ನ ಪಕ್ಕದಲ್ಲಿ ಕೂರಬಾರದಿದ್ದ ಒಬ್ಬನೇ ಮನುಷ್ಯ ಅಲ್ಲಿ ಕೂತಿದ್ದ. ನಾನು ಬೇಡಬೇಡವೆಂದರೂ ಭಾವನ ಕೊನೆಯ ಗಳಿಗೆಯ ವಿವರ ಬಂತು. ಬಳಿಕ ಭಾವನ ಸೈಟು, ಸೈಟಿಗೆ ಇಬ್ಬರು ಹಕ್ಕುದಾರರು, ಖಾತಾದಲ್ಲಿ ಅಳತೆ ತಪ್ಪು, ಕೋರ್ಟು. ಅಳತೆ ತಪ್ಪು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ‘ಇಸಿ ತೆಗೆಸಿದ್ರಾ?’ ಎಂದೆ. ಮಾತು ಬೆಳೆದು, ಎಚ್ಚರವಾದಾಗ ರೈಲು ಬೆಳಕಿಗೆ ಬಂದು ರಾಜಾಜಿನಗರದಲ್ಲಿತ್ತು. ಮೆಜೆಸ್ಟಿಕ್ ಯಾವಾಗ ಹೋಯಿತೋ.

ಗೆದ್ದೆನೆಂದು ಪ್ಲಾಟ್‌ಫಾರ್ಮಿನಿಂದಲೇ ಸೈಕಾಲಜಿಸ್ಟಿಗೆ ಮೆಸೇಜ್ ಹಾಕಿದೆ. ಉತ್ತರ ಬಂತು: ‘ಮಾತಿಗೆ ಸಿಕ್ಕಿ ಮರೆತದ್ದು ಲೆಕ್ಕಕ್ಕಿಲ್ಲ ಸರ್. ವಾಪಸ್ ಬರೋವಾಗ ಸುಮ್ಮನೆ ಕೂತು ಬನ್ನಿ.’

ವಾಪಸಿಗೆ ಪಕ್ಕದಲ್ಲಿ ಹೆಡ್‌ಫೋನ್ ಹಾಕಿದ ಹುಡುಗ. ಯಾವ ಭಾವನೂ ಇಲ್ಲ. ಮೆಜೆಸ್ಟಿಕ್ ಬಿಟ್ಟಿತು, ಎದೆ ಏರತೊಡಗಿತು. ಬಲಗೈ ತಾನಾಗಿ ಎಡ ಮಣಿಕಟ್ಟಿನ ಕಡೆ ಹೊರಟಿತು. ತೊಡೆಯಡಿ ಇಟ್ಟುಕೊಂಡು ಕೂತೆ. ‘ಓಡಿಸಬೇಡಿ, ತಡೀಬೇಡಿ, ಎಲ್ಲಿಗೆ ಹೋಗುತ್ತೋ ಹೋಗಲಿ’ ಎಂದಿದ್ದಳು. ಹೋಗಲಿ ಬಿಟ್ಟೆ. ಕುತ್ತಿಗೆಯಲ್ಲಿ ಬಡಿಯಿತು, ಕಿವಿಯಲ್ಲಿ ಬಡಿಯಿತು, ಎದುರಿನ ಕಂಬಿಯ ಹಿಡಿಕೆಗಳು ತೂಗಾಡಿದವು. ‘ಇಷ್ಟೇನಾ? ಇನ್ನೂ ಇದ್ದರೆ ತಾ’ ಎಂದೆ, ಮನಸ್ಸಿನಲ್ಲಿ ಎಂದುಕೊಂಡಿದ್ದೆ. ಹುಡುಗ ಹೆಡ್‌ಫೋನ್ ತೆಗೆದು, ‘ಏನ್ ಅಂಕಲ್?’ ಎಂದ. ಚಿಕ್ಕಪೇಟೆಯಲ್ಲಿ ಅರ್ಧ ಬೋಗಿ ಖಾಲಿಯಾಗಿ ಸೀರೆಯ ಗಂಟುಗಳು ಹತ್ತಿದವು. ಅದರಲ್ಲೊಂದು ಗಂಟು ನನ್ನ ಕಾಲ ಮೇಲೇ ಕೂತಿತು. ಜನ ಸುತ್ತ ಸೇರಿದರು, ನಿಜ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಮಾರುಕಟ್ಟೆ ಹೊತ್ತಿಗೆ ಎದೆಗೆ ಏನಾಯಿತೋ, ನಾನು ಏನೂ ಮಾಡದೆ ತಾನಾಗಿ ಇಳಿಯತೊಡಗಿತ್ತು. ಅಷ್ಟು ವರ್ಷ ಆಟೋ, ಇಸಿಜಿ, ಮಾತ್ರೆಗಳಿಗೆ ಸಲ್ಲಿಸಿದ ಶ್ರೇಯಸ್ಸೆಲ್ಲ ಯಾರಿಗೆ ಸೇರಬೇಕಿತ್ತು ಎಂದು ಯೋಚಿಸುತ್ತಿರುವಾಗಲೇ ನ್ಯಾಷನಲ್ ಕಾಲೇಜು ಬಂತು. ಲೆಡ್ಜರಿನಲ್ಲಿ ಬರೆದೆ: ನಿರೀಕ್ಷೆ, ಸಾವು. ಫಲಿತಾಂಶ, ಕಾಲಿಗೆ ಜೋಮು.

ಎಲ್ಲ ತಂತ್ರವೂ ನನಗೆ ಒಗ್ಗಿತೆಂದಲ್ಲ. ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆ ಮೀಸಲಿಟ್ಟು, ಮಿಕ್ಕ ಹೊತ್ತಿನಲ್ಲಿ ಬಂದದ್ದನ್ನು ಆ ವೇಳೆಗೆ ಮುಂದೂಡುವ ಕ್ರಮವೊಂದಿದೆ. ಥಾಮಸ್ ಬೋರ್ಕೊವೆಕ್ ಎಂಬವರು 1983ರಲ್ಲಿ ಬರೆದದ್ದು. ಚಿಂತಿಸಬೇಡ ಎಂದುಕೊಂಡರೆ ಅದೇ ಬರುತ್ತದಲ್ಲ, ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದವನ ಕಥೆ ನಮಗೇನು ಹೊಸದೇ. 1987ರಲ್ಲಿ ಡೇನಿಯಲ್ ವೆಗ್ನರ್ ಅಮೆರಿಕದ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿ ಇದನ್ನೇ ತೋರಿಸಿದ್ದು. ಗಂಟೆ ಬಡಿಯುತ್ತಲೇ ಇತ್ತು. ಹಾಗಾಗಿ ನಾನು ಸಂಜೆ ಆರರಿಂದ ಆರೂವರೆ ಮೀಸಲಿಟ್ಟೆ. ಮೊದಲೆರಡು ದಿನ ಚೆನ್ನಾಗಿತ್ತು. ಆಮೇಲೆ ಮನೆಯವರಿಗೆ ಆ ವೇಳೆ ಗೊತ್ತಾಯಿತು. ‘ಹೇಗೂ ಕೂತಿದ್ದೀರಲ್ಲ, ಗೀಸರ್ ರಿಪೇರಿದೂ ಸೇರಿಸ್ಕೊಳಿ’ ಎಂದಳು ನನ್ನಾಕೆ. ಮಗಳು ಪುಣೆಯಿಂದ ಫೋನ್ ಮಾಡಿ ತನ್ನ ಬಾಡಿಗೆ ಮನೆಯ ಚಿಂತೆಯನ್ನು ಒಪ್ಪಿಸಿದಳು. ನನ್ನ ಸಾವಿಗೆ ಸಮಯವೇ ಸಿಗುತ್ತಿರಲಿಲ್ಲ.

ಇದನ್ನೆಲ್ಲ ಬರೆಯುವುದು ಸರಿಯೇ ಎಂದು ಅಳುಕಿದಾಗ ಧೈರ್ಯ ಕೊಟ್ಟವರು ರಾಶಿಯವರು. ‘ರಾಶಿ’ ಹೆಸರಲ್ಲಿ ಬರೆದು, ‘ಕೊರವಂಜಿ’ ಪತ್ರಿಕೆ ನಡೆಸಿ ಕನ್ನಡಿಗರನ್ನು ನಗಿಸಿದ ಡಾ. ಎಂ. ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ಮನಸ್ಸಿನ ಕಾಯಿಲೆಗಳ ಕುರಿತ ‘ಮನಮಂಥನ’ಕ್ಕೆ. ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲವೂ ನಮ್ಮಲ್ಲಿತ್ತು.

ವಾರಕ್ಕೊಮ್ಮೆಯ ಭೇಟಿ ಹದಿನೈದು ದಿನಕ್ಕೊಮ್ಮೆಯಾಯಿತು. ಒಂದು ದಿನ ಅವಳು, ‘ಸಾಕಲ್ವಾ ಸರ್?’ ಎಂದಳು. ಎದೆ ಧಸಕ್ಕೆಂದಿತು. ‘ಅಯ್ಯೋ, ನೀವಿದ್ದೀರಿ, ಬುಧವಾರ ಬಂದು ಹೇಳಬಹುದು ಅನ್ನೋ ಧೈರ್ಯದ ಮೇಲೇ ಅಲ್ವೇನಮ್ಮ ನಾನು ಸುರಂಗಕ್ಕೆ ಇಳಿಯೋದು?’ ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಅವಳು ಮಾರ್ಕರಿನ ಮುಚ್ಚಳ ಹಾಕಿ, ‘ಅಂದ್ರೆ ಆ 2019ರ ಮಾತ್ರೆ ಈಗ ನಾನು’ ಎಂದಳು. ಮುಂದಿನ ಬುಧವಾರದ ನನ್ನ ಹೆಸರನ್ನು ಡೈರಿಯಲ್ಲಿ ಹೊಡೆದುಹಾಕಿದಳು. ‘ಇದೇ ಹೋಮ್‌ವರ್ಕ್. ಬರಬೇಡಿ.’

ಹೊರಗೆ ಮೇಷ್ಟ್ರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚೀಲ, ಚೀಲದಿಂದ ಇಣುಕುವ ಕೊತ್ತಂಬರಿ. ವಿಷಯ ಹೇಳಿದೆ. ಅವರ ಕಣ್ಣು ಹೊಳೆಯಿತು. ‘ಬರದೇ ಇರೋದೇ ಹೋಮ್‌ವರ್ಕಾ? ಇಂಥ ಸುಲಭದ್ದು ನನಗೆ ಒಂದು ದಿನ ಕೊಡಲಿಲ್ಲವಲ್ಲ. ತನ್ನಿ ಇಲ್ಲಿ, ಈ ಸಲ ನಿಮ್ಮದನ್ನ ನಾನು ಕಾಪಿ ಹೊಡೀತೀನಿ’ ಎಂದು ಏಳತೊಡಗಿದರು.

ರಿಸೆಪ್ಷನ್ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ, ‘ಮೇಷ್ಟ್ರೇ, ಕೂತ್ಕೊಳಿ. ನಿಮಗೆ ಬರೋದೇ ಹೋಮ್‌ವರ್ಕು’ ಎಂದಳು.